ಭದ್ರಾವತಿ–ಶಿವಮೊಗ್ಗ ರಸ್ತೆ

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಣ ದೂರವು ಸುಮಾರು 20 ಕಿಲೋಮೀಟರು ಮಾತ್ರ. ಒಂದು ತುಂಗೆಯ ದಡದ ಊರು, ಇನ್ನೊಂದು ಭದ್ರೆಯ ದಡದ್ದು. ನದಿಗಳೆರಡೂ ಕೂಡಲಿಯಲ್ಲಿ ಸಂಗಮಿಸುವುದಕ್ಕೆ ಮೊದಲೇ ಊರುಗಳೆರಡನ್ನೂ ಈ ರಸ್ತೆಯು ಕೂಡಿಸಿದೆ. ಇಷ್ಟು ಚಿಕ್ಕ ದಾರಿಯ ವಿಷಯದಲ್ಲಿ ಅಗ್ರಲೇಖನವೇಕೆಂದು ಕೇಳುವವರು ಉಂಟು. ದಾರಿ ಚಿಕ್ಕದಾದರೂ ಅದನ್ನು ನಂಬಿ ಬದುಕುವವರ ಸಂಖ್ಯೆ ಚಿಕ್ಕದಲ್ಲವೆಂಬುದೇ ನಮ್ಮ ಉತ್ತರ.

ಬೆಂಕೀಪುರವೆನಿಸಿದ್ದ ಗ್ರಾಮವು ಭದ್ರಾವತಿಯೆಂಬ ಪಟ್ಟಣವಾದುದು ಕಾರ್ಖಾನೆಗಳಿಂದ. 1923ರಲ್ಲಿ ಅಲ್ಲಿ ಕಬ್ಬಿಣವು ಕರಗಿ ಹರಿಯಿತು. 1936ರಲ್ಲಿ ಕಾಗದದ ಕಾರ್ಖಾನೆಯ ಸಂಸ್ಥೆಯು ಸ್ಥಾಪಿತವಾಯಿತು. ಆಗ ಜನರು ಕೆಲಸವನ್ನರಸಿ ಭದ್ರಾವತಿಗೆ ಬರುತ್ತಿದ್ದರು. ಈಗ ಕಾಗದದ ಯಂತ್ರಗಳು ನಿಂತು ವರ್ಷಗಳಾಗಿವೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿಶ್ಚಯವು 2023ರ ಆದಿಯಲ್ಲಿ ಹೊರಬಿದ್ದು, ಅದೇ ವರ್ಷ ಕೆಲಸದ ಒಂದು ಭಾಗ ಮಾತ್ರ ಮರಳಿ ಆರಂಭವಾಯಿತು. ಕೆಲಸವು ಊರಿನಿಂದ ಹೊರಗೆ ಹೋದರೆ ಜನರೂ ಅದರ ಹಿಂದೆ ದಿನವೂ ಹೋಗಿಬರಬೇಕಷ್ಟೆ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವೂ, 2023ರ ಫೆಬ್ರವರಿ 27ರಂದು ತೆರೆದ ಸೋಗಾನೆಯ ವಿಮಾನ ನಿಲ್ದಾಣವೂ ಇತ್ತ ಕಡೆಯವೇ.

ಹಿಂದೆ 206ನೆಯ ಸಂಖ್ಯೆಯದಾಗಿದ್ದು ಈಗ 69ನೆಯದೆನಿಸಿರುವ ಈ ಹೆದ್ದಾರಿಯು ಹೊನ್ನಾವರದ ಕಡಲತೀರದಿಂದ ಘಟ್ಟವನ್ನೇರಿ ಬರುವ ದಾರಿ. ಇದರಲ್ಲಿ ಎರಡು ಬಗೆಯ ಪ್ರಯಾಣಿಕರಿದ್ದಾರೆ. ದೂರದಿಂದ ಬಂದು ದೂರಕ್ಕೆ ಹೋಗುವವನಿಗೆ ನಡುವಣ ಪೇಟೆಯು ಒಂದು ಅಡ್ಡಿ. ಬೆಳಿಗ್ಗೆ ಹೋಗಿ ಸಂಜೆಗೆ ಮರಳುವವನಿಗೆ ಆ ಪೇಟೆಯೇ ಮನೆ. ಚತುಷ್ಪಥ ರಸ್ತೆಗಳನ್ನು ಊರ ಹೊರಗಿನ ಬಳಸುದಾರಿಯಲ್ಲಿ ಒಯ್ಯುವ ಈಗಿನ ಪದ್ಧತಿಯು ಮೊದಲನೆಯವನಿಗೆ ಹಿತವಾದುದು. ನಾವು ಅದನ್ನು ವಿರೋಧಿಸುವುದಿಲ್ಲ. ಭಾರದ ಲಾರಿಗಳು ಪೇಟೆಯ ನಡುವೆ ನುಗ್ಗದಿದ್ದರೆ ಶಾಲೆಯ ಮಕ್ಕಳಿಗೂ ವೃದ್ಧರಿಗೂ ಕ್ಷೇಮವೇ. ಹೋಟೆಲಿನವರಿಗೂ ಗ್ಯಾರೇಜಿನವರಿಗೂ ಕೊಂಚ ನಷ್ಟವಾದೀತು. ಆದರೆ ನಿಲ್ಲದೆ ಓಡುವ ಲಾರಿಯು ಅಂಗಡಿಗೆ ಧೂಳನ್ನಲ್ಲದೆ ವ್ಯಾಪಾರವನ್ನು ತರುವುದಿಲ್ಲ.

ನಮ್ಮ ಆತಂಕವು ಬೇರೆಯದು. ಬಳಸುದಾರಿಯಾದೊಡನೆ ಊರೊಳಗಿನ ಹಳೆಯ ಭಾಗವನ್ನು ಒಮ್ಮೆ ದುರಸ್ತಿಮಾಡಿ ರಾಜ್ಯದವರ ಕೈಗೊಪ್ಪಿಸುವುದು ವಾಡಿಕೆ. ಆ ಬಳಿಕ ಹಳ್ಳ ಬಿದ್ದರೆ ಲೋಕೋಪಯೋಗಿ ಇಲಾಖೆಯವರು ನಗರಸಭೆಯನ್ನು ತೋರಿಸುವರು. ನಗರಸಭೆಯವರು ತಮ್ಮ ಬರಿಯ ಬೊಕ್ಕಸವನ್ನು ತೋರಿಸುವರು. ಇಬ್ಬರ ಕೂಸು ಬಡವಾಯಿತೆಂಬಂತೆ ರಸ್ತೆಯು ಅನಾಥವಾಗುವುದು.

ಆದಕಾರಣ ಮೂರು ಸಂಗತಿಗಳನ್ನು ಅಧಿಕಾರಿವರ್ಗದವರ ಗಮನಕ್ಕೆ ತರುತ್ತೇವೆ. ಒಂದು: ಹಳೆಯ ಭಾಗವನ್ನು ಒಪ್ಪಿಸುವ ಮೊದಲು ಚರಂಡಿ, ಕಾಲುದಾರಿ, ದೀಪಗಳನ್ನು ಪೂರ್ತಿಮಾಡಿ, ಮುಂದಿನ ಪಾಲನೆ ಯಾರದೆಂಬುದನ್ನು ಲಿಖಿತವಾಗಿ ಪ್ರಕಟಿಸಬೇಕು. ಎರಡು: ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪಗಳಂತಹ ದಾರಿಯೋರದ ಊರುಗಳಲ್ಲಿ ಕಾಲುನಡೆಯವನೂ ಸೈಕಲ್ಲಿನವನೂ ಪ್ರಾಣಭಯವಿಲ್ಲದೆ ದಾಟುವ ಏರ್ಪಾಡಿರಬೇಕು. ಮೂರು: ಬಳಸುದಾರಿಯ ವೇಗಕ್ಕೆ ಮರುಳಾಗಿ ಬಸ್ಸುಗಳು ಭದ್ರಾವತಿಯ ನಿಲ್ದಾಣವನ್ನು ಬಿಟ್ಟು ಹೋಗದಂತೆ ನೋಡಿಕೊಳ್ಳಬೇಕು. ರಾತ್ರಿಯ ವೇಳೆ ಊರ ಹೊರಗಿನ ಕೂಡುರಸ್ತೆಯಲ್ಲಿ ಪ್ರಯಾಣಿಕರನ್ನು ಇಳಿಸಿ ಹೋಗುವುದು ಸಾರಿಗೆಯೆನಿಸದು.

ಕಾರ್ಖಾನೆಗಳ ಬೆಂಕಿ ತಗ್ಗಿದ ಊರಿಗೆ ದಾರಿಯೊಂದೇ ಉಳಿದಿರುವ ಆಧಾರ. ಅದರ ನಕ್ಷೆಯು ಇಂಜಿನಿಯರರ ಕೆಲಸವಾದರೂ ಅದರ ನ್ಯಾಯವು ಪುರಜನರ ಹಕ್ಕು. ಆಕ್ಷೇಪಣೆಗಳಿಗೆ ಅವಕಾಶವಿರುವಾಗ ಮೌನವಾಗಿದ್ದು, ಕಲ್ಲು ನೆಟ್ಟ ಮೇಲೆ ಗೊಣಗುವುದರಿಂದ ಫಲವಿಲ್ಲ. ಎರಡೂ ಊರುಗಳ ಮಹಾಜನರು ಈಗಲೇ ಒಂದುಗೂಡಿ ತಮ್ಮ ಅಹವಾಲನ್ನು ಸರ್ಕಾರದ ಮುಂದಿಡಲಿ.