ಹಾರುವುದಕ್ಕೆ ಸಂಖ್ಯೆಯಿದೆ, ಸುರಿಯುವುದಕ್ಕೆ?

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಹೊಲಗಳ ಮಾತನ್ನು ಬೆಟ್ಟದ ಸೀಮೆಯ ಪತ್ರಿಕೆಯೊಂದು ಏಕೆ ಎತ್ತಬೇಕು ಎಂದು ಓದುಗರು ಕೇಳಬಹುದು. ತೊಗರಿ, ಸೋಯಾ ಅವರೆ, ಕಬ್ಬು ಬೆಳೆಯುವ ಆ ಸೀಮೆಗೆ ಡ್ರೋನ್ ಸಿಂಪಡಣೆ ಕಾಲಿಡುತ್ತಿದೆ. ನಮ್ಮ ಅಡಿಕೆ ತೋಟಗಳಲ್ಲೂ ಅದೇ ಯಂತ್ರದಿಂದ ಬೋರ್ಡೋ ದ್ರಾವಣ ಸಿಂಪಡಿಸುವ ಪ್ರಯೋಗಗಳು ನಡೆದಿವೆ. ಅಲ್ಲಿಯ ಪ್ರಶ್ನೆ ನಮ್ಮದೂ ಹೌದು. ಮೇಲಿನಿಂದ ಸುರಿದ ವಿಷದ ಕಥೆಯನ್ನು ನಮ್ಮ ಸೀಮೆ ಅವರಿಗಿಂತ ಮೊದಲೇ ಅನುಭವಿಸಿ ತಿಳಿದಿದೆ.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಡ್ರೋನ್ ನಿಯಮಗಳ ಪ್ರಕಾರ, ವಿನಾಯಿತಿ ಪಡೆದವರ ಹೊರತು ಯಾರೂ ನೋಂದಣಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಪ್ರತಿ ಯಂತ್ರಕ್ಕೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇರಬೇಕು; ಅದರ ಶುಲ್ಕ 100 ರೂಪಾಯಿ. ವಿನೋದಕ್ಕೋ ಕಲಿಕೆಗೋ ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋ ಮೀರದ ಮಾದರಿ ವಿಮಾನಗಳಿಗೆ ವಿನ್ಯಾಸದ ಪ್ರಮಾಣಪತ್ರ ಬೇಡ. ಸಿಂಪಡಣೆಯ ಡ್ರೋನಿಗೆ ಆ ಪ್ರಮಾಣಪತ್ರವೂ ಬೇಕು, ವಿಮೆಯೂ ಬೇಕು, ಹಾರಿಸುವವರಿಗೆ ತರಬೇತಿಯ ಪ್ರಮಾಣಪತ್ರವೂ ಬೇಕು. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿಯಿಲ್ಲದೆ ಹಾರಿಸಬಹುದು. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ ಆ ಮಿತಿ 200 ಅಡಿಗೆ ಇಳಿಯುತ್ತದೆ. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ, 2020ರಿಂದ ನಾಗರಿಕ ವಿಮಾನ ನಿಲ್ದಾಣವೂ ಇದೆ. ಆದ್ದರಿಂದ ಆ ಜಿಲ್ಲೆಯವರು ಹಾರಿಸುವ ಮೊದಲು ವಲಯಗಳ ನಕ್ಷೆಯನ್ನು ನೋಡಲೇಬೇಕು. ನಿಯಮ ಮೀರಿದರೆ ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ.

ಇವೆಲ್ಲ ಒಳ್ಳೆಯ ನಿಯಮಗಳೇ. ಆದರೆ ಇವು ಆಕಾಶವನ್ನು ಕಾಯುತ್ತವೆ. ಆಕಾಶದಿಂದ ಏನು ಇಳಿಯುತ್ತದೆ, ಯಾರ ಬಾವಿಯ ಮೇಲೆ ಇಳಿಯುತ್ತದೆ ಎಂಬುದನ್ನು ಕಾಯುವವರು ಯಾರು?

ಕಾಸರಗೋಡನ್ನು ನೆನೆಯೋಣ. ಕೇರಳ ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆಯಂಥ ಕನ್ನಡದ ಹಳ್ಳಿಗಳಲ್ಲಿ, ಗಡಿಯ ಈಚೆ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಮಕ್ಕಳ ಮೈಮನಸ್ಸುಗಳ ಮೇಲೆ ಅದು ಉಳಿಸಿಹೋದ ಗಾಯ ಇನ್ನೂ ಮಾಸಿಲ್ಲ. ಸುಪ್ರೀಂ ಕೋರ್ಟು ಆ ವಿಷಕ್ಕೆ ತಡೆ ಹಾಕಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳಕ್ಕೆ ಆದೇಶಿಸಿದ್ದು 2017ರಲ್ಲಿ. ನೋಂದಣಿ ಇಲ್ಲದ ಹೆಲಿಕಾಪ್ಟರ್ ನಮ್ಮ ದೇಶದಲ್ಲಿ ಅಂದೂ ಹಾರುವಂತಿರಲಿಲ್ಲ, ಪರವಾನಗಿ ಇಲ್ಲದ ಪೈಲಟ್ ಅದನ್ನು ಹಾರಿಸುವಂತಿರಲಿಲ್ಲ. ಆ ಎರಡು ಕಾಗದಗಳು ಪಡ್ರೆಯ ಒಂದು ಮಗುವನ್ನೂ ಕಾಪಾಡಲಿಲ್ಲ.

ಡ್ರೋನನ್ನು ಹೆಲಿಕಾಪ್ಟರಿಗೆ ಹೋಲಿಸುವುದು ಅನ್ಯಾಯವೆಂದು ಕೆಲವರು ಹೇಳಿಯಾರು. ಅವರ ಮಾತಿನಲ್ಲಿ ಸತ್ಯಾಂಶವಿದೆ. ಡ್ರೋನು ಬೆಳೆಗೆ ಹತ್ತಿರದಲ್ಲೇ ಹಾರುತ್ತದೆ. ಆಳೆತ್ತರ ಬೆಳೆದ ತೊಗರಿಯೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ನಡೆಯುವ ಕೂಲಿಯವನು ವಿಷವನ್ನು ಉಸಿರಾಡುವುದು ತಪ್ಪುತ್ತದೆ. 2017ರಲ್ಲಿ ನೆರೆಯ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹೀಗೆ ಸಿಂಪಡಿಸುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತದ್ದನ್ನು ಮರೆಯಲಾಗದು. 2023ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ‘ನಮೋ ಡ್ರೋನ್ ದೀದಿ’ ಯೋಜನೆ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ಕೈಗೆ ಈ ಯಂತ್ರ ಕೊಟ್ಟು ದುಡಿಮೆಯ ದಾರಿ ತೋರಿಸಿದೆ. ಆದುದರಿಂದ ನಾವು ಯಂತ್ರವನ್ನು ವಿರೋಧಿಸುತ್ತಿಲ್ಲ. ಆದರೆ ಬೆನ್ನಿನ ಪಂಪಿಗೆ ಎಕರೆಗೆ ನೂರಾರು ಲೀಟರ್ ನೀರು ಬೇಕಾದ ಕಡೆ ಡ್ರೋನು ಹತ್ತು ಲೀಟರಿನ ಆಸುಪಾಸಿನಲ್ಲೇ ಕೆಲಸ ಮುಗಿಸುತ್ತದೆ. ದ್ರಾವಣ ಗಟ್ಟಿ, ಹನಿ ಸಣ್ಣದು. ಸಣ್ಣ ಹನಿಯನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ಪಕ್ಕದ ಹೊಲದ ಹೂವಿನಲ್ಲಿ ಜೇನ್ನೊಣವಿದೆ, ಬದುವಿನಲ್ಲಿ ಮೇಯುವ ಆಡಿದೆ.

ಬೀದರ್ ಸೀಮೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಅಲ್ಲಿಯ ಎತ್ತರದ ನೆಲ ಜಂಬಿಟ್ಟಿಗೆಯದು; ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಆ ಗುಣವನ್ನು ಅರಿತೇ ಹಿಂದಿನವರು ಬೀದರಿನ ನೌಬಾದಿನಲ್ಲಿ ನೆಲದೊಳಗೆ ಕರೇಜ್ ಸುರಂಗ ತೋಡಿ ಊರಿಗೆ ನೀರುಣಿಸಿದರು. ನೀರು ಇಳಿಯುವ ದಾರಿಯಲ್ಲಿ ವಿಷವೂ ಇಳಿಯಬಲ್ಲದು.

ಹೊಸ ಕಾನೂನಿಗಾಗಿ ಕಾಯಬೇಕಾದ ಅಗತ್ಯವಿಲ್ಲ. 1971ರ ಕೀಟನಾಶಕ ನಿಯಮಗಳ 43ನೆಯ ನಿಯಮ ವೈಮಾನಿಕ ಸಿಂಪಡಣೆಗೆ ಕಟ್ಟುಪಾಡುಗಳನ್ನು ವಿಧಿಸಿದೆ. ಸಿಂಪಡಿಸುವ ಜಾಗವನ್ನು ಗುರುತು ಮಾಡಬೇಕು. ಕನಿಷ್ಠ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು. ಜನ, ಜಾನುವಾರು ಒಳಗೆ ಬಾರದಂತೆ ನೋಡಿಕೊಳ್ಳಬೇಕು. ಒಪ್ಪಿಗೆ ಪಡೆದ ಔಷಧಿಯನ್ನು ಒಪ್ಪಿದ ಪ್ರಮಾಣದಲ್ಲೇ ಬಳಸಬೇಕು. ಕೃಷಿ ಡ್ರೋನುಗಳ ಬಗ್ಗೆ ಕೇಂದ್ರ ಕೃಷಿ ಇಲಾಖೆ 2021ರ ಡಿಸೆಂಬರಿನಲ್ಲಿ ಕಾರ್ಯವಿಧಾನವೊಂದನ್ನೂ ಪ್ರಕಟಿಸಿದೆ. ಕೊರತೆಯಿರುವುದು ಇವುಗಳನ್ನು ಊರಿನ ಮಟ್ಟಕ್ಕೆ ಇಳಿಸುವುದರಲ್ಲಿ. ಡ್ರೋನಿನ ಸಂಖ್ಯೆ ದೆಹಲಿಯ ಗಣಕದಲ್ಲಿದ್ದರೆ ಬಾವಿಯ ಒಡೆಯನಿಗೆ ಏನು ಪ್ರಯೋಜನ?

ನಮ್ಮ ಬೇಡಿಕೆ ಚಿಕ್ಕದು. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಸಿಂಪಡಣೆ ಪುಸ್ತಕ ಇರಲಿ. ಡ್ರೋನಿನ ಗುರುತಿನ ಸಂಖ್ಯೆ, ಹಾರಿಸುವವರ ಹೆಸರು, ಹೊಲದ ಸರ್ವೆ ನಂಬರು, ಔಷಧಿಯ ಹೆಸರು ಮತ್ತು ಪ್ರಮಾಣ, ದಿನ ಮತ್ತು ವೇಳೆ ಅದರಲ್ಲಿ ದಾಖಲಾಗಲಿ. ಹಿಂದಿನ ದಿನವೇ ಡಂಗುರವೋ ಮೈಕೋ ಊರಿಗೆ ಸುದ್ದಿ ಮುಟ್ಟಿಸಲಿ. ಬಾವಿ, ಕೆರೆ, ಶಾಲೆ, ಅಂಗನವಾಡಿಗಳಿಂದ ಎಷ್ಟು ದೂರ ಬಿಡಬೇಕೆಂಬುದನ್ನು ಗ್ರಾಮಸಭೆ ಚರ್ಚಿಸಿ ನಿರ್ಣಯಿಸಲಿ. ನಾಳೆ ಜೇನು ಸತ್ತರೆ, ದನ ಬಿದ್ದರೆ, ಮಗುವಿಗೆ ವಾಂತಿಯಾದರೆ, ವೈದ್ಯರು ತೆರೆದು ನೋಡಲು ಒಂದು ಪುಟವಾದರೂ ಇರುತ್ತದೆ. ಕಾಸರಗೋಡಿನಲ್ಲಿ ಜನ ಕಷ್ಟವನ್ನು ಹೇಳಿಕೊಂಡಾಗಲೆಲ್ಲ ಅವರಿಂದ ಪುರಾವೆ ಕೇಳಲಾಯಿತು. ಪುರಾವೆ ಒದಗಿಸುವ ಹೊಣೆ ಸಿಂಪಡಿಸುವವರ ಮೇಲಿರಬೇಕು.

ಬಸವಕಲ್ಯಾಣವು ಅನುಭವ ಮಂಟಪದ ನೆಲ. ಕಾಯಕದವರೆಲ್ಲ ಸಮನಾಗಿ ಕೂತು ಮಾತಾಡಿದ ಸ್ಥಳವೆಂದು ನಾಡು ಅದನ್ನು ನೆನೆಯುತ್ತದೆ. ಆ ತಾಲ್ಲೂಕಿನ ಗ್ರಾಮಸಭೆಗಳೇ ಈ ಪುಸ್ತಕವನ್ನು ಮೊದಲು ತೆರೆದರೆ ನಾವು ಬೆಟ್ಟದವರು ಅವರನ್ನು ಸಂತೋಷದಿಂದ ಅನುಸರಿಸುತ್ತೇವೆ. ಅವರು ತೆರೆಯುವವರೆಗೆ ನಾವೂ ಸುಮ್ಮನಿರಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಓದುಗರು ಈ ಪ್ರಶ್ನೆಯನ್ನು ಎತ್ತಬೇಕೆಂದು ಕೋರುತ್ತೇವೆ.