ಹೊಸ ಮೀಟರ್, ಹಳೆಯ ಲೆಕ್ಕ

ಸಂಸ್ಥೆಯ ಕಾರಿನ ಮೀಟರ್ ಬೋರ್ಡ್ ಕೆಟ್ಟು ಹೊಸದನ್ನು ಅಳವಡಿಸಿದಾಗ, ಹಳೆಯ ಕಿಲೋಮೀಟರ್ ಲೆಕ್ಕ ಏನಾಯಿತೆಂದು ವಿಚಾರಿಸುವ ಮಾಲೀಕರು ವಿರಳ. ಬಿಲ್ಲಿನಲ್ಲಿ ಬಿಡಿಭಾಗದ ಬೆಲೆ, ಕೂಲಿ, ತೆರಿಗೆ ಎಲ್ಲವೂ ಇರುತ್ತವೆ. ಹಳೆಯ ಮೀಟರಿನ ಕೊನೆಯ ಅಂಕಿ ಮಾತ್ರ ಎಷ್ಟೋ ಬಾರಿ ಇರುವುದಿಲ್ಲ.

ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಈ ಅಂಕಿ ಮೆಮೊರಿ ಚಿಪ್ಪಿನಲ್ಲಿರುತ್ತದೆ. ಹಲವು ಮಾದರಿಗಳಲ್ಲಿ ಅದನ್ನು ಹೊಸ ಮೀಟರಿಗೆ ವರ್ಗಾಯಿಸಬಹುದು. ಸಾಧ್ಯವಾಗದಿದ್ದರೆ? 84,000 ಕಿ.ಮೀ. ಓಡಿದ ಮೇಲೆ ಮೀಟರ್ ಬದಲಾದ ಕಾರು ಮಾರಾಟದ ದಿನ 6,000 ತೋರಿಸಿದರೆ, ಕೊಳ್ಳುವವನು ಆ 6,000ಕ್ಕೇ ಬೆಲೆ ಕಟ್ಟುತ್ತಾನೆ. ನಾಳೆ ವಂಚನೆಯ ಆರೋಪ ಬಂದಲ್ಲಿ, ವಿಷಯ ತಿಳಿಸಿಯೇ ಮಾರಿದೆನೆಂದು ತೋರಿಸಲು ಮಾರಿದವನ ಬಳಿ ಕಾಗದವಿರಬೇಕಲ್ಲ!

ಅಮೆರಿಕವು 1972ರಲ್ಲೇ ಇದಕ್ಕೆ ಶಾಸನ ಮಾಡಿತು. ಹಳೆಯ ಅಂಕಿಯನ್ನು ಉಳಿಸಲಾಗದಿದ್ದಲ್ಲಿ ಮೀಟರನ್ನು ಸೊನ್ನೆಗೆ ತಂದು, ಹಿಂದಿನ ಅಂಕಿ ಹಾಗೂ ದಿನಾಂಕ ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸತಕ್ಕದ್ದು. ಖರ್ಚು ಒಂದು ಚೀಟಿಯದ್ದು ಮಾತ್ರ. ನಮ್ಮಲ್ಲಿಯೂ ಇಂತಹ ನಿಯಮ ಕಡ್ಡಾಯವಾಗುವುದು ಅಪೇಕ್ಷಣೀಯ.

ಅಲ್ಲಿಯವರೆಗೆ ಜಾಬ್ ಕಾರ್ಡಿನಲ್ಲಿಯೂ ಬಿಲ್ಲಿನಲ್ಲಿಯೂ ಎರಡೂ ಮೀಟರುಗಳ ಅಂಕಿಗಳನ್ನು ಬರೆಸಿಕೊಳ್ಳುವುದು ಉಚಿತ. ಹಳೆಯ ಮೀಟರ್ ಏನನ್ನೂ ತೋರಿಸದಿದ್ದರೆ, ಹಿಂದಿನ ಸರ್ವಿಸ್ ಬಿಲ್ಲಿನ ಅಂಕಿಯನ್ನಾದರೂ ಆಧಾರವಾಗಿ ಕಾಣಿಸಬೇಕು. ಲಾಗ್ ಪುಸ್ತಕದಲ್ಲಿ ಅದೇ ದಿನ ನಮೂದಾಗದಿದ್ದರೆ, ವರ್ಷಾಂತ್ಯದಲ್ಲಿ ಡೀಸೆಲ್ ಖರ್ಚಿಗೂ ಓಡಿದ ದೂರಕ್ಕೂ ತಾಳೆಯಾಗದೆ, ಏನೂ ಅರಿಯದ ಚಾಲಕನ ಮೇಲೆ ಸಂಶಯ ಬೀಳುತ್ತದೆ.