ಸ್ಟೂಲು ದಯೆಯಲ್ಲ, ಹಕ್ಕು

ಉಪ್ಪಳದ ನಮ್ಮ ಬಟ್ಟೆ ಅಂಗಡಿಯಲ್ಲಿ ಬಾಪ ಗಲ್ಲಾದಲ್ಲಿ ಕೂರುತ್ತಿದ್ದರು, ಕೆಲಸದವರು ರಾತ್ರಿವರೆಗೂ ನಿಂತೇ ಇರುತ್ತಿದ್ದರು. ಕೇಳಿದರೆ, "ಅವರೆಲ್ಲ ಮನೆಮಕ್ಕಳ ಹಾಗೆ" ಎನ್ನುತ್ತಿದ್ದರು. ನಿಜವಾದ ಮನೆಮಗ ನಾನು ಮಾತ್ರ ಕೂತಿರುತ್ತಿದ್ದೆ!

ಕೇರಳದ 1960ರ ಅಂಗಡಿ ಕಾಯ್ದೆ ಹೇಳುವುದು ಇಷ್ಟು: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ರಜೆ, ಹೆಚ್ಚು ದುಡಿದರೆ ಇಮ್ಮಡಿ ಕೂಲಿ. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಹೆಣ್ಣುಮಕ್ಕಳು ಹೋರಾಡಿದ ಮೇಲೆ, 2018ರಲ್ಲಿ ಕೂರುವ ಹಕ್ಕೂ ಸೇರಿತು.

"ಸಣ್ಣ ಅಂಗಡಿಗೆ ಇದೆಲ್ಲ ಪೂರೈಸುವುದಿಲ್ಲ" ಎನ್ನುವವರೇ, ಒಂದು ಸ್ಟೂಲಿಗೆ ಎಷ್ಟು ದುಡ್ಡು? ಡಿಪ್ಲೊಮಾ ಕಲಿಯುವಾಗ ಮೋಟಾರು ಬಿಸಿಯಾದರೆ ನಿಲ್ಲಿಸುತ್ತಿದ್ದೆವು. ಮನುಷ್ಯನ ಮೊಣಕಾಲಿಗೆ ಅಷ್ಟೂ ಬೆಲೆಯಿಲ್ಲವೇ? ಪೆರ್ನಾಳಿಗೆ ಹೊಸ ಬಟ್ಟೆ ಕೊಟ್ಟ ಮಾತ್ರಕ್ಕೆ ಓವರ್‌ಟೈಮ್ ಲೆಕ್ಕ ಚುಕ್ತಾ ಆಗದು. ನಾಳೆ ಶಟರ್ ಎತ್ತಿದ ಕೂಡಲೇ ಸ್ಟೂಲು ಹಾಕಿ.